ಬ್ರೇಕನ್ನೇ ತುಳಿದಿದ್ದೆ ಎನ್ನುವ ಚಾಲಕ, ಇಲ್ಲ ಎನ್ನುವ ಕಾರು

2024ರ ಜುಲೈ 1ರ ರಾತ್ರಿ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ನಗರಾಡಳಿತ ಕಚೇರಿಯ ಹತ್ತಿರ ಕಾರೊಂದು ಏಕಮುಖ ರಸ್ತೆಯಲ್ಲಿ ಎದುರು ದಿಕ್ಕಿಗೆ ನುಗ್ಗಿ ಪಾದಚಾರಿಗಳ ಮೇಲೆ ಹರಿಯಿತು. ಒಂಬತ್ತು ಜನ ಸತ್ತರು. ಚಾಲಕನಿಗೆ 68 ವರ್ಷ, ಗಾಡಿ ಓಡಿಸುವುದೇ ವೃತ್ತಿಯಾಗಿದ್ದ ಮನುಷ್ಯ. ಅವರು ಹಿಡಿದಿದ್ದು ಒಂದೇ ಮಾತು: ಬ್ರೇಕ್ ತುಳಿದೆ, ಕಾರು ನಿಲ್ಲಲಿಲ್ಲ. ತನಿಖೆಯವರು ಅವರ ಬಲಗಾಲಿನ ಬೂಟನ್ನು ಪ್ರಯೋಗಾಲಯಕ್ಕೆ ಒಯ್ದು ನೋಡಿದರು. ಅಟ್ಟೆಯ ಮೇಲೆ ಪೆಡಲ್ ಒಂದರ ಅಚ್ಚು ಮೂಡಿತ್ತು. ಅದು ಬ್ರೇಕಿನದಲ್ಲ, ಆಕ್ಸಿಲರೇಟರಿನದು.

ಇದಕ್ಕೆ ಹದಿನೈದು ವರ್ಷ ಮುಂಚಿನ ಇನ್ನೊಂದು ಪ್ರಕರಣವನ್ನು ಪಕ್ಕದಲ್ಲಿಟ್ಟು ನೋಡಬೇಕು. 2009ರ ಆಗಸ್ಟ್ 28ರಂದು ಅಮೆರಿಕದ ಸ್ಯಾನ್ ಡಿಯಾಗೊ ಬಳಿ ಟೊಯೊಟಾ ಕಂಪನಿಯ ಒಂದು ಲೆಕ್ಸಸ್ ಇಎಸ್ 350 ಕಾರು ಗಂಟೆಗೆ 160 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಹೆದ್ದಾರಿಯ ಕೊನೆ ತಲುಪಿ ಅಪ್ಪಳಿಸಿತು. ಒಳಗಿದ್ದ ನಾಲ್ವರೂ ಉಳಿಯಲಿಲ್ಲ. ಓಡಿಸುತ್ತಿದ್ದವರು ಹೆದ್ದಾರಿ ಗಸ್ತು ಪೊಲೀಸ್ ಅಧಿಕಾರಿ. ವೇಗದ ವಾಹನವನ್ನು ಹತೋಟಿಯಲ್ಲಿಡುವ ತರಬೇತಿ ಪಡೆದವರು. ಅಪ್ಪಳಿಸುವ ಮೊದಲು ಕಾರಿನಲ್ಲಿದ್ದವರು ತುರ್ತು ಸಂಖ್ಯೆಗೆ ಕರೆ ಮಾಡಿ ಬ್ರೇಕ್ ಹಿಡಿಯುತ್ತಿಲ್ಲ ಎಂದು ಹೇಳಿದ್ದು ಧ್ವನಿಮುದ್ರಣದಲ್ಲಿದೆ. ಅವಶೇಷಗಳನ್ನು ಬಿಡಿಸಿದಾಗ ಬ್ರೇಕಿನ ಭಾಗಗಳು ಕಾದು ಸುಟ್ಟಿದ್ದವು. ಅವರು ನಿಜವಾಗಿಯೂ ಬ್ರೇಕ್ ತುಳಿದಿದ್ದರು. ಡೀಲರ್ ತಾತ್ಕಾಲಿಕ ಬಳಕೆಗೆಂದು ಕೊಟ್ಟಿದ್ದ ಆ ಕಾರಿನಲ್ಲಿ ಬೇರೆ ಮಾದರಿಯ ಕಾರಿಗೆಂದು ತಯಾರಿಸಿದ ದಪ್ಪ ರಬ್ಬರ್ ಮ್ಯಾಟ್ ಹಾಸಿದ್ದರು. ಅದು ಆಕ್ಸಿಲರೇಟರ್ ಪೆಡಲ್ಲನ್ನು ಕಚ್ಚಿ ಹಿಡಿದಿತ್ತು.

ಒಬ್ಬರ ಮಾತು ಸುಳ್ಳಾಯಿತು, ಒಬ್ಬರದು ನಿಜವಾಯಿತು. ಆದರೆ ಇಬ್ಬರೂ ಹೇಳಿದ್ದು ಒಂದನ್ನೇ, ಇಬ್ಬರೂ ನಂಬಿದ್ದೂ ಒಂದನ್ನೇ. ಕಾರು ತಾನಾಗಿ ನುಗ್ಗಿತು ಎಂಬ ದೂರಿನ ತೊಡಕು ಇಲ್ಲಿಂದಲೇ ಶುರುವಾಗುತ್ತದೆ. ಎರಡೂ ಕಡೆ ಕಂಪ್ಯೂಟರ್ ತಪ್ಪು ಮಾಡಿರಲಿಲ್ಲ ಎಂಬುದನ್ನೂ ಗಮನಿಸಿ. ಹಾಗಾದರೆ ಜನರು ಇಷ್ಟೊಂದು ಭಯಪಡುವ ಎಲೆಕ್ಟ್ರಾನಿಕ್ ದೋಷ ಎಲ್ಲಿದೆ? ಅದು ಇರಲು ಸಾಧ್ಯವೇ? ಸಾಧ್ಯ. ಆದರೆ ಅದನ್ನು ಹುಡುಕುವ ಮೊದಲು ಕಾಲಿನ ಒತ್ತಡ ಎಂಜಿನ್‌ಗೆ ತಲುಪುವ ದಾರಿಯನ್ನು ನೋಡಬೇಕು.

ತಂತಿಯಿಂದ ವೋಲ್ಟೇಜಿಗೆ

ಹಳೆಯ ಕಾರಿನಲ್ಲಿ ಆಕ್ಸಿಲರೇಟರ್ ಪೆಡಲ್ಲಿಗೆ ಒಂದು ಉಕ್ಕಿನ ಕೇಬಲ್ ಕಟ್ಟಿರುತ್ತಿತ್ತು. ಕಾಲು ಒತ್ತಿದರೆ ಕೇಬಲ್ ಎಳೆದುಕೊಂಡು, ಎಂಜಿನ್‌ಗೆ ಗಾಳಿ ಹೋಗುವ ಕೊಳವೆಯಲ್ಲಿರುವ ಥ್ರಾಟಲ್ ಎಂಬ ಲೋಹದ ಬಿಲ್ಲೆಯನ್ನು ತಿರುಗಿಸುತ್ತಿತ್ತು. ಕಾಲು ತೆಗೆದರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತಿತ್ತು. ಕೇಬಲ್ ತುಕ್ಕು ಹಿಡಿದು ಸಿಕ್ಕಿಕೊಳ್ಳುವುದೂ ಇತ್ತು. ಹಾಗಾದಾಗ ಬಾನೆಟ್ ಎತ್ತಿದವರಿಗೆ ಸಿಕ್ಕಿಕೊಂಡ ಜಾಗ ಕಣ್ಣಿಗೆ ಕಾಣುತ್ತಿತ್ತು.

1980ರ ದಶಕದ ಕೊನೆಯಲ್ಲಿ ಬಿಎಂಡಬ್ಲ್ಯೂ ತನ್ನ ದುಬಾರಿ 7 ಸರಣಿಯ ಕಾರಿನಲ್ಲಿ ಈ ಕೇಬಲ್ ತೆಗೆದುಹಾಕಿತು. ಮುಂದಿನ ಎರಡು ದಶಕಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಅದೇ ದಾರಿ ಹಿಡಿದರು. ಈಗ ಪೆಡಲ್ ಒತ್ತಿದರೆ ಎಂಜಿನ್‌ಗೆ ನೇರವಾಗಿ ಏನೂ ತಲುಪುವುದಿಲ್ಲ. ಪೆಡಲ್ಲಿನ ಬುಡದ ಸೆನ್ಸರ್ ಅದರ ಕೋನವನ್ನು ವೋಲ್ಟೇಜಾಗಿ ಬದಲಿಸಿ ಎಂಜಿನ್ ನಿಯಂತ್ರಕ ಕಂಪ್ಯೂಟರಿಗೆ ಕಳುಹಿಸುತ್ತದೆ. ಕಂಪ್ಯೂಟರ್ ಎಂಜಿನ್ ತಾಪ, ಗೇರು, ಚಕ್ರಗಳ ಜಾರುವಿಕೆ, ಕ್ರೂಸ್ ಕಂಟ್ರೋಲ್ ಎಲ್ಲವನ್ನೂ ಲೆಕ್ಕ ಹಾಕಿ ಥ್ರಾಟಲ್ ಎಷ್ಟು ತೆರೆಯಬೇಕೆಂದು ತೀರ್ಮಾನಿಸಿ ಒಂದು ಪುಟ್ಟ ಮೋಟಾರಿಗೆ ಆಜ್ಞೆ ಕೊಡುತ್ತದೆ. ಚಾಲಕನದು ಬೇಡಿಕೆ, ಕಂಪ್ಯೂಟರಿನದು ಮಂಜೂರಾತಿ. ಇದು ಬರಿಯ ಶೋಕಿಗಾಗಿ ಬಂದದ್ದಲ್ಲ. ಹೊಗೆ ನಿಯಂತ್ರಣ, ಇಂಧನ ಉಳಿತಾಯ, ಜಾರುವ ರಸ್ತೆಯಲ್ಲಿ ಕಾರನ್ನು ನೆಟ್ಟಗೆ ಇಡುವ ವ್ಯವಸ್ಥೆ ಯಾವುದನ್ನೂ ಕೇಬಲ್ ಇಟ್ಟುಕೊಂಡು ಚೆನ್ನಾಗಿ ಮಾಡಲಾಗದು.

ಕಳಚಿದ ಥ್ರಾಟಲ್ ಜೋಡಣೆಯೊಂದು ನನ್ನ ಮೇಜಿನ ಮೇಲೆ ಕಾಗದಗಳು ಹಾರದಂತೆ ಕೂತಿದೆ. ಅಲ್ಯೂಮಿನಿಯಂನ ಕೊಳವೆ, ನಡುವೆ ಹಿತ್ತಾಳೆ ಬಣ್ಣದ ಬಿಲ್ಲೆ, ಪಕ್ಕದ ಡಬ್ಬಿಯಲ್ಲಿ ಮೋಟಾರು ಮತ್ತು ಪ್ಲಾಸ್ಟಿಕ್ ಹಲ್ಲುಚಕ್ರ. ಬಿಲ್ಲೆಯನ್ನು ಬೆರಳಿನಿಂದ ತಳ್ಳಿ ತೆರೆದು ಬಿಟ್ಟರೆ ಸ್ಪ್ರಿಂಗ್ ಅದನ್ನು ಟಪ್ಪನೆ ಹಿಂದಕ್ಕೆ ಎಳೆಯುತ್ತದೆ. ಆದರೆ ಪೂರ್ತಿ ಮುಚ್ಚುವುದಿಲ್ಲ. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಉಗುರಿನ ದಪ್ಪದ ಸಂದಿ ಕಾಣುತ್ತದೆ. ಪೂರ್ತಿ ಮುಚ್ಚಬೇಕಾದರೆ ಬೆರಳಿನಿಂದ ಇನ್ನೊಂದು ಸ್ಪ್ರಿಂಗಿಗೆ ಎದುರಾಗಿ ಒತ್ತಬೇಕು. ಬೇಕೆಂದೇ ಮಾಡಿದ ಏರ್ಪಾಡು ಇದು. ಮೋಟಾರಿಗೆ ವಿದ್ಯುತ್ ತಪ್ಪಿದರೆ, ತಂತಿ ಕಳಚಿದರೆ, ಕಂಪ್ಯೂಟರ್ ಕೈಚೆಲ್ಲಿದರೆ ಬಿಲ್ಲೆ ಈ ಸಂದಿಗೆ ಬಂದು ನಿಲ್ಲುತ್ತದೆ. ಎಂಜಿನ್ ಆರಿ ನಡುರಸ್ತೆಯಲ್ಲಿ ನಿಲ್ಲುವುದಿಲ್ಲ, ಅಬ್ಬರಿಸುವುದೂ ಇಲ್ಲ. ತೆವಳಿಕೊಂಡು ರಸ್ತೆಯ ಬದಿಗೋ ಗ್ಯಾರೇಜಿಗೋ ಹೋಗುವಷ್ಟು ಉಸಿರು ಉಳಿಯುತ್ತದೆ. ಈ ವ್ಯವಸ್ಥೆ ಕೆಟ್ಟರೆ ಯಾವ ಕಡೆಗೆ ಕೆಡಬೇಕೆಂದು ಮೊದಲೇ ಯೋಚಿಸಿದವರ ಕೈಚಳಕ ಆ ಸಂದಿಯಲ್ಲಿದೆ.

ಪೆಡಲ್ಲಿನ ಕಡೆಯಲ್ಲೂ ಅಂಥದೇ ಎಚ್ಚರವಿದೆ. ಅಲ್ಲಿ ಸೆನ್ಸರ್ ಒಂದಲ್ಲ, ಎರಡು. ಎರಡೂ ಒಂದೇ ಕೋನವನ್ನು ಅಳೆಯುತ್ತವೆ, ಆದರೆ ಬೇರೆ ಬೇರೆ ವೋಲ್ಟೇಜಿನಲ್ಲಿ ವರದಿ ಕೊಡುತ್ತವೆ. ಬಹಳಷ್ಟು ವಿನ್ಯಾಸಗಳಲ್ಲಿ ಒಂದು 2 ವೋಲ್ಟ್ ಎಂದಾಗ ಇನ್ನೊಂದು 1 ವೋಲ್ಟ್ ಎನ್ನಬೇಕು, ಇದು 3 ಎಂದರೆ ಅದು ಒಂದೂವರೆ. ಎರಡೂ ಒಂದೇ ಸಂಖ್ಯೆ ಹೇಳಿದರೆ ಹೊಂದಿಕೆ ನೋಡುವುದು ಸುಲಭವಿತ್ತಲ್ಲ ಎನಿಸಬಹುದು. ಆದರೆ ಎರಡು ತಂತಿಗಳು ಒಂದಕ್ಕೊಂದು ತಾಗಿದರೆ ಎರಡರಲ್ಲೂ ಒಂದೇ ವೋಲ್ಟೇಜ್ ಹರಿಯುತ್ತದೆ. ಆಗ ದೋಷವೇ ಒಪ್ಪಿಗೆಯಂತೆ ಕಾಣುತ್ತದೆ. ಇಬ್ಬರು ಸಾಕ್ಷಿಗಳು ಅಕ್ಷರಕ್ಕೆ ಅಕ್ಷರ ಒಂದೇ ಮಾತು ಹೇಳಿದರೆ ವಕೀಲರು ಅನುಮಾನಪಡುವುದಿಲ್ಲವೇ, ಹಾಗೆ. ನಿಗದಿತ ಅನುಪಾತ ತಪ್ಪಿದ ಕೂಡಲೇ ಕಂಪ್ಯೂಟರ್ ಪೆಡಲ್ಲಿನ ಮಾತು ಕೇಳುವುದನ್ನು ಕಡಿಮೆ ಮಾಡಿ, ಎಚ್ಚರಿಕೆ ದೀಪ ಹಚ್ಚಿ, ಕುಂಟುನಡಿಗೆಗೆ ಇಳಿಯುತ್ತದೆ. ಥ್ರಾಟಲ್ ಬಿಲ್ಲೆಯ ಕೋನವನ್ನು ಅಳೆಯುವುದಕ್ಕೂ ಹೀಗೆಯೇ ಎರಡು ಸೆನ್ಸರ್.

ಆದರೂ ಎರಡು ಸಾಕ್ಷಿಗಳನ್ನು ಒಟ್ಟಿಗೆ ಕೆಡಿಸುವ ದಾರಿಗಳಿವೆ. ತವರ ಲೇಪಿಸಿದ ಲೋಹದ ಮೇಲೆ ವರ್ಷಗಳು ಕಳೆದಂತೆ ಕೂದಲಿಗಿಂತ ಸಣ್ಣ ಎಳೆಗಳು ತಾವಾಗಿ ಚಿಗುರುತ್ತವೆ. ಎಂಜಿನಿಯರುಗಳು ಅದಕ್ಕೆ ತವರದ ಮೀಸೆ ಎನ್ನುತ್ತಾರೆ. ಮುಂದೆ ಹೇಳಲಿರುವ ತನಿಖೆಯೊಂದರಲ್ಲಿ ನಾಸಾ ಕೆಲವು ಟೊಯೊಟಾ ಪೆಡಲ್‌ಗಳ ಸೆನ್ಸರುಗಳಲ್ಲಿ ಇದನ್ನೇ ಕಂಡಿತು. ಅಂಥ ಮೀಸೆಯೊಂದು ಎರಡು ಸಂಕೇತಗಳ ನಡುವೆ ಸೇತುವೆ ಹಾಕಿದ್ದ ಪೆಡಲ್ ಒಂದು ಅದರ ಕೈಗೆ ಸಿಕ್ಕಿತು. ಆ ಕಾರು ಜಗ್ಗಿ ಜಗ್ಗಿ ಓಡುತ್ತಿತ್ತು, ಹುಚ್ಚೆದ್ದು ನುಗ್ಗುತ್ತಿರಲಿಲ್ಲ. ನುಗ್ಗಬೇಕಾದರೆ ಇನ್ನೂ ನಿರ್ದಿಷ್ಟವಾದ ಎರಡು ದೋಷಗಳು ನಿರ್ದಿಷ್ಟ ಕ್ರಮದಲ್ಲಿ ಕೂಡಿಬರಬೇಕಿತ್ತು.

ಜಾಗಟೆ ಬಾರಿಸಿದ್ದು ಯಾರು?

ಸೆನ್ಸರ್ ಸರಿ ಹೇಳಿತು, ಥ್ರಾಟಲ್ ಸರಿ ಇದೆ. ನಡುವಿನ ಕಂಪ್ಯೂಟರೇ ತಪ್ಪಿದರೆ? ಅದು ತಪ್ಪಲು ಎರಡು ಬಗೆ. ಒಂದು, ಬರೆದ ತಂತ್ರಾಂಶದಲ್ಲೇ ದೋಷ. ಇನ್ನೊಂದು, ಸರಿಯಾದ ತಂತ್ರಾಂಶ ಕೂತಿರುವ ಮೆಮೊರಿಯಲ್ಲಿ ಸೊನ್ನೆಯೊಂದು ಒಂದಾಗುವುದು, ಒಂದು ಸೊನ್ನೆಯಾಗುವುದು. ಬಾಹ್ಯಾಕಾಶದಿಂದ ಬರುವ ಕಿರಣಗಳು ವಾತಾವರಣಕ್ಕೆ ಬಡಿದು ಚಿಮ್ಮಿಸುವ ಕಣಗಳು ಚಿಪ್ಪಿಗೆ ತಾಗಿದರೆ ಹೀಗಾಗಬಹುದು. ಕಟ್ಟುಕತೆಯಂತೆ ಕೇಳಿಸುತ್ತದೆ. 2003ರ ಮೇ ತಿಂಗಳಲ್ಲಿ ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ ನಡೆದ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತಗಳು ಬಂದವು. ಮರು ಎಣಿಕೆ ಮಾಡಿದಾಗ ಹೆಚ್ಚಾಗಿದ್ದದ್ದು ಸರಿಯಾಗಿ 4096. ಹನ್ನೆರಡು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ಸಂಖ್ಯೆ, ಅಂದರೆ ಹದಿಮೂರನೆಯ ಬಿಟ್ (ಸೊನ್ನೆಯನ್ನೋ ಒಂದನ್ನೋ ಹಿಡಿದಿಡುವ ಮನೆ) ಒಂದೇ ಒಂದು ಮಗುಚಿದ ಫಲ. ತಂತ್ರಾಂಶದಲ್ಲಿ ದೋಷ ಸಿಗಲಿಲ್ಲ. ಇಂಥ ಅಡ್ಡ ಏಟಿನ ಮೇಲೇ ಗುಮಾನಿ ಹೋಯಿತು. ಅಲ್ಲಿ ತಪ್ಪು ಗೊತ್ತಾದದ್ದು ಸಂಖ್ಯೆ ಅಸಂಬದ್ಧವಾಗಿದ್ದರಿಂದ. ಥ್ರಾಟಲ್ ಕೋನದಲ್ಲಿ ಅಸಂಬದ್ಧ ಎಂಬುದಿಲ್ಲ. ಪೂರ್ತಿ ತೆರೆ ಎನ್ನುವುದೂ ಸಂಬದ್ಧವಾದ ಆಜ್ಞೆಯೇ.

ಆದ್ದರಿಂದ ಕಾವಲು ಬೇಕು. ಜರ್ಮನಿಯ ಕಾರು ತಯಾರಕರು ಸೇರಿ ರೂಪಿಸಿದ ಪದ್ಧತಿಯಲ್ಲಿ ಕಾವಲು ಮೂರು ಅಂತಸ್ತಿನದು. ಮೊದಲನೆಯದು ಕೆಲಸ ಮಾಡುತ್ತದೆ. ಎರಡನೆಯದು ಅದೇ ಪೆಡಲ್ ಸಂಕೇತವನ್ನು ತೆಗೆದುಕೊಂಡು, ಬೇರೆಯೇ ಸರಳ ಲೆಕ್ಕದಿಂದ, ಇಷ್ಟು ಒತ್ತಿದ್ದಕ್ಕೆ ಇಷ್ಟಕ್ಕಿಂತ ಹೆಚ್ಚು ಶಕ್ತಿ ಹೊರಡಬಾರದು ಎಂದು ನೋಡುತ್ತದೆ. ಮೂರನೆಯದು ಪ್ರತ್ಯೇಕ ಚಿಪ್. ಮುಖ್ಯ ಕಂಪ್ಯೂಟರಿಗೆ ಆಗಾಗ ಪ್ರಶ್ನೆ ಹಾಕಿ, ಉತ್ತರ ತಪ್ಪಾದರೆ ಅಥವಾ ತಡವಾದರೆ ಮೋಟಾರಿನ ವಿದ್ಯುತ್ತನ್ನೇ ಕಡಿದುಬಿಡುತ್ತದೆ. ಆಮೇಲೆ ಕೆಲಸ ಸ್ಪ್ರಿಂಗಿನದು.

ಇದರ ಹಳೆಯ, ಸರಳ ರೂಪಕ್ಕೆ ವಾಚ್‌ಡಾಗ್ ಟೈಮರ್ ಎಂದು ಹೆಸರು. ರಾತ್ರಿ ಕಾವಲುಗಾರನನ್ನು ನೆನೆಸಿಕೊಳ್ಳಿ. ಗಂಟೆಗೊಮ್ಮೆ ಅವನು ಜಾಗಟೆ ಬಾರಿಸಬೇಕು. ಸದ್ದು ಕೇಳಿಸದಿದ್ದರೆ ಯಜಮಾನ ಎದ್ದು ಬರುತ್ತಾನೆ. ತಂತ್ರಾಂಶವೂ ಹಾಗೆ ನಿಗದಿತ ಹೊತ್ತಿಗೊಮ್ಮೆ ಟೈಮರನ್ನು ತಟ್ಟಬೇಕು. ತಟ್ಟದಿದ್ದರೆ ಕಂಪ್ಯೂಟರ್ ಹೊಸದಾಗಿ ಶುರುವಾಗುತ್ತದೆ. ಅಷ್ಟಕ್ಕೆ ಮಿಲಿಸೆಕೆಂಡುಗಳು ಸಾಕು, ಚಾಲಕನಿಗೆ ತಿಳಿಯುವುದೂ ಇಲ್ಲ. ಆದರೆ ಜಾಗಟೆಯನ್ನು ಕಾವಲುಗಾರನ ಬದಲು ಗೋಡೆ ಗಡಿಯಾರಕ್ಕೆ ಕಟ್ಟಿಬಿಟ್ಟರೆ? ಅವನು ನಿದ್ದೆ ಹೋದರೂ, ಸತ್ತೇ ಹೋದರೂ ಜಾಗಟೆ ಮೊಳಗುತ್ತಲೇ ಇರುತ್ತದೆ.

ಟೊಯೊಟಾ ವಿರುದ್ಧ ಅಮೆರಿಕದ ಒಕ್ಲಹೋಮಾದ ನ್ಯಾಯಾಲಯದಲ್ಲಿ 2013ರಲ್ಲಿ ಸಾಕ್ಷಿ ನುಡಿದ ತಂತ್ರಾಂಶ ತಜ್ಞ ಮೈಕೆಲ್ ಬಾರ್ ಅವರ ಆರೋಪದ ತಿರುಳು ಇದೇ. ಆ ಮೊಕದ್ದಮೆಗೆ ಬರುವ ಮೊದಲು ನಡುವೆ ಏನೇನಾಯಿತು ಎಂದು ಹೇಳಬೇಕು, ಏಕೆಂದರೆ ಇಡೀ ಪ್ರಕರಣವನ್ನು ಜನ ಅರ್ಧರ್ಧ ನೆನಪಿಟ್ಟುಕೊಂಡಿದ್ದಾರೆ.

ಸ್ಯಾನ್ ಡಿಯಾಗೊ ಅಪಘಾತದ ನಂತರ ಟೊಯೊಟಾ ಮ್ಯಾಟ್‌ಗಳ ಕಾರಣಕ್ಕೆ ಲಕ್ಷಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. 2010ರ ಜನವರಿಯಲ್ಲಿ ಬೇರೊಂದು ದೋಷ ಹೊರಬಿತ್ತು. ಪೆಡಲ್ಲಿನ ಒಳಗೆ ಉಜ್ಜುವ ಭಾಗ ಸವೆದು, ತೇವ ಸೇರಿ, ಒತ್ತಿದ ಪೆಡಲ್ ಮೇಲೇಳಲು ತಡಮಾಡುತ್ತಿತ್ತು. ಇನ್ನೂ ಸುಮಾರು 23 ಲಕ್ಷ ಕಾರುಗಳನ್ನು ಕರೆಸಿಕೊಳ್ಳಬೇಕಾಯಿತು. ಎಂಟು ಮಾದರಿಗಳ ಮಾರಾಟ ಕೆಲಕಾಲ ನಿಂತಿತು. ಫೆಬ್ರವರಿಯಲ್ಲಿ ಕಂಪನಿಯ ಅಧ್ಯಕ್ಷ ಅಕಿಯೊ ಟೊಯೊಡಾ ಅಮೆರಿಕದ ಸಂಸದರ ಮುಂದೆ ಕೂತು ಕ್ಷಮೆ ಕೇಳಿದರು. ಮ್ಯಾಟು, ಪೆಡಲು ಎರಡೂ ಕಣ್ಣಿಗೆ ಕಾಣುವ ದೋಷಗಳು. ಆದರೆ ಎರಡಕ್ಕೂ ಹೊಂದದ ದೂರುಗಳಿದ್ದವು. ತಂತ್ರಾಂಶದ ಮೇಲೆ ಅನುಮಾನ ಬೆಳೆದದ್ದು ಆ ಶೇಷದಿಂದ.

ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ನಾಸಾದ ನೆರವು ಕೇಳಿತು. ಹತ್ತು ತಿಂಗಳು, 2,80,000ಕ್ಕೂ ಹೆಚ್ಚು ಸಾಲುಗಳ ಕೋಡ್. 2011ರ ಫೆಬ್ರವರಿಯಲ್ಲಿ ವರದಿ ಬಂತು: ದೊಡ್ಡ ಪ್ರಮಾಣದಲ್ಲಿ ಥ್ರಾಟಲ್ ತೆರೆದು ಕಾರು ನುಗ್ಗುವಂತೆ ಮಾಡುವ ಎಲೆಕ್ಟ್ರಾನಿಕ್ ದೋಷ ಕಂಡುಬಂದಿಲ್ಲ. ಎಲೆಕ್ಟ್ರಾನಿಕ್ಸ್ ನಿರ್ದೋಷಿ ಎಂದು ಸಾರಿಗೆ ಸಚಿವರು ಸಾರಿದರು. ವರದಿಯ ಮಾತು ಅಷ್ಟು ಸಲೀಸಾಗಿರಲಿಲ್ಲ. ಸಿಗಲಿಲ್ಲ ಎಂದ ಮಾತ್ರಕ್ಕೆ ಅಂಥದ್ದು ಆಗಲಾರದು ಎಂದರ್ಥವಲ್ಲ ಎಂಬುದನ್ನೂ ನಾಸಾ ಬರೆದಿತ್ತು. ಸುದ್ದಿಯಲ್ಲಿ ಉಳಿದದ್ದು ಮೊದಲ ಅರ್ಧ.

ಇನ್ನು ಒಕ್ಲಹೋಮಾ. 2007ರಲ್ಲಿ 2005ರ ಮಾದರಿಯ ಕ್ಯಾಮ್ರಿ ಕಾರು ಹೆದ್ದಾರಿಯಿಂದ ಇಳಿಯುವಾಗ ನಿಲ್ಲದೆ ಅಪ್ಪಳಿಸಿ, ಚಾಲಕಿ ಗಾಯಗೊಂಡು ಜೊತೆಯಲ್ಲಿದ್ದವರು ತೀರಿಕೊಂಡಿದ್ದರು. ರಸ್ತೆಯ ಮೇಲೆ ಟೈರ್ ಉಜ್ಜಿದ ಗುರುತು ಉದ್ದಕ್ಕೂ ಇತ್ತು. ಚಾಲಕಿ ಕೈಬ್ರೇಕನ್ನೂ ಎಳೆದಿದ್ದರು. ಬಾರ್ ಮತ್ತು ಅವರ ತಂಡ ಟೊಯೊಟಾದ ಕೋಡನ್ನು ಇಂಟರ್ನೆಟ್ ಇಲ್ಲದ, ಮೊಬೈಲ್ ಒಯ್ಯಲಾಗದ ಕಾವಲಿನ ಕೋಣೆಯಲ್ಲಿ ತಿಂಗಳುಗಟ್ಟಲೆ ಕೂತು ಓದಿದ್ದರು. ಅವರು ಹೇಳಿದ್ದು ಇಷ್ಟು: ಕಂಪ್ಯೂಟರಿನಲ್ಲಿ ಹಲವು ಕೆಲಸಗಳು ಸರದಿಯಲ್ಲಿ ನಡೆಯುತ್ತಿದ್ದವು. ಯಾವ ಕೆಲಸ ಜೀವಂತ ಎಂಬ ಪಟ್ಟಿ ಮೆಮೊರಿಯಲ್ಲಿತ್ತು, ಅದಕ್ಕೆ ಸಾಕಷ್ಟು ರಕ್ಷಣೆ ಇರಲಿಲ್ಲ. ಅಲ್ಲಿ ಒಂದು ಬಿಟ್ ಮಗುಚಿದರೆ ಥ್ರಾಟಲ್ ಕೋನ ಲೆಕ್ಕ ಹಾಕುವ ಕೆಲಸ ಸದ್ದಿಲ್ಲದೆ ಸಾಯಬಹುದು, ಆಗ ಕೊನೆಯ ಆಜ್ಞೆಯೇ ಹಾಗೇ ಉಳಿಯಬಹುದು. ದೋಷ ಪತ್ತೆಹಚ್ಚಬೇಕಾದ ಕಾವಲಿನ ಬಹುಭಾಗವನ್ನು ಅದೇ ಕೆಲಸದ ಒಳಗೆ ಇಟ್ಟಿದ್ದರು, ಸಾಯುವವನ ಜೊತೆ ಕಾವಲೂ ಸಾಯುತ್ತಿತ್ತು. ವಾಚ್‌ಡಾಗನ್ನು ತಟ್ಟುತ್ತಿದ್ದದ್ದು ಹಾರ್ಡ್‌ವೇರಿನ ಗಡಿಯಾರದ ಮಿಡಿತ. ಜಾಗಟೆ ಮೊಳಗುತ್ತಲೇ ಇತ್ತು.

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಫಿಲಿಪ್ ಕೂಪ್‌ಮನ್ ಕೂಡ ಸಾಕ್ಷಿ ಹೇಳಿದರು. ಆ ಕೋಡಿನಲ್ಲಿ ಎಲ್ಲ ಭಾಗಗಳೂ ಮುಟ್ಟಬಹುದಾದ, ಯಾರು ಯಾವಾಗ ಬದಲಿಸಿದರೆಂದು ಹಿಂಬಾಲಿಸಲು ಕಷ್ಟವಾದ ಸಾರ್ವಜನಿಕ ಚರಾಂಶಗಳು (ತಂತ್ರಾಂಶ ತನ್ನ ಮೌಲ್ಯಗಳನ್ನು ಇಟ್ಟುಕೊಳ್ಳುವ ಜಾಗಗಳು) ಹತ್ತು ಸಾವಿರಕ್ಕೂ ಹೆಚ್ಚಿದ್ದವು. ಮನೆಯ ಎಲ್ಲ ಪೆಟ್ಟಿಗೆಗಳ ಬೀಗದ ಕೈ ಎಲ್ಲರ ಕೈಯಲ್ಲೂ ಇದ್ದಂತೆ. ತಮ್ಮ ತಂತ್ರಾಂಶ ಅಪಘಾತಕ್ಕೆ ಕಾರಣವಲ್ಲ ಎಂದು ಟೊಯೊಟಾ ವಾದಿಸಿತು. ಜ್ಯೂರಿ ಕಂಪನಿಯ ವಿರುದ್ಧ ತೀರ್ಪು ಕೊಟ್ಟು 30 ಲಕ್ಷ ಡಾಲರ್ ಪರಿಹಾರ ನಿಗದಿ ಮಾಡಿತು. ದಂಡದ ಮೊತ್ತ ನಿರ್ಧಾರವಾಗುವ ಮೊದಲೇ ಉಭಯಪಕ್ಷಗಳು ಗುಟ್ಟಾಗಿ ರಾಜಿಯಾದವು.

ಆ ಕಾರಿನಲ್ಲಿ ಆ ದಿನ ಆ ಬಿಟ್ ಮಗುಚಿತು ಎಂದು ಯಾರೂ ತೋರಿಸಲಿಲ್ಲ, ತೋರಿಸುವುದು ಸಾಧ್ಯವೂ ಇರಲಿಲ್ಲ. ಕಂಪ್ಯೂಟರನ್ನು ಆರಿಸಿ ಹಚ್ಚಿದರೆ ಇಂಥ ದೋಷ ಗುರುತು ಬಿಡದೆ ಅಳಿಸಿಹೋಗುತ್ತದೆ. ತೋರಿಸಿದ್ದು ಇಷ್ಟೇ, ಹಾಗೆ ಆಗುವುದನ್ನು ತಡೆಯುವ ಗೋಡೆ ಗಟ್ಟಿಯಾಗಿರಲಿಲ್ಲ. ನನ್ನ ಮಟ್ಟಿಗೆ ಅದೇ ದೊಡ್ಡ ಆರೋಪ. ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ತೆಗೆಯಬೇಕು. 2014ರ ಮಾರ್ಚ್‌ನಲ್ಲಿ ಟೊಯೊಟಾ ಅಮೆರಿಕ ಸರ್ಕಾರಕ್ಕೆ 120 ಕೋಟಿ ಡಾಲರ್ ಕಟ್ಟಲು ಒಪ್ಪಿದ್ದು ತಂತ್ರಾಂಶಕ್ಕಾಗಿ ಅಲ್ಲ. ಮ್ಯಾಟ್ ಮತ್ತು ಪೆಡಲ್ ದೋಷಗಳ ಬಗ್ಗೆ ಗ್ರಾಹಕರ ದಾರಿ ತಪ್ಪಿಸಿದ್ದಕ್ಕೆ.

ವಾಹನಗಳ ಎಲೆಕ್ಟ್ರಾನಿಕ್ ಸುರಕ್ಷತೆಗೆಂದೇ ಐಎಸ್‌ಒ 26262 ಎಂಬ ಮಾನದಂಡ ಮೊದಲು ಪ್ರಕಟವಾದದ್ದು 2011ರಲ್ಲಿ. ಅಪಾಯದ ತೀವ್ರತೆಗೆ ತಕ್ಕಂತೆ ಎ ಇಂದ ಡಿ ವರೆಗೆ ದರ್ಜೆಗಳು. ಕಟ್ಟುನಿಟ್ಟಾದ ಡಿ ದರ್ಜೆಯಲ್ಲಿ ಯಂತ್ರಾಂಶದ ಆಕಸ್ಮಿಕ ವೈಫಲ್ಯ ಹತ್ತು ಕೋಟಿ ಗಂಟೆಗೆ ಒಂದಕ್ಕಿಂತ ಕಡಿಮೆ ಇರಬೇಕು. ಹತ್ತು ಕೋಟಿ ದೊಡ್ಡ ಸಂಖ್ಯೆ ಎನಿಸುತ್ತದೆ. ಹತ್ತು ಲಕ್ಷ ಕಾರುಗಳು ವರ್ಷಕ್ಕೆ ಮುನ್ನೂರು ಗಂಟೆ ಓಡಿದರೆ ಮೂವತ್ತು ಕೋಟಿ ಗಂಟೆಯಾಯಿತು. ಅಂದರೆ ಮಿತಿಯ ಅಂಚಿನಲ್ಲಿ ನಿಂತರೂ ವರ್ಷಕ್ಕೆ ಮೂರು. ಕಾರ್ಖಾನೆಯಲ್ಲಿ ಕೆಲವು ನೂರು ಕಾರುಗಳನ್ನು ಎಷ್ಟು ಓಡಿಸಿ ನೋಡಿದರೂ ಇದು ಸಿಗುವುದಿಲ್ಲ. ತಂತ್ರಾಂಶದ ದೋಷವಂತೂ ಈ ಲೆಕ್ಕಕ್ಕೇ ಬರುವುದಿಲ್ಲ, ಅದು ಸವೆದು ಕೆಡುವುದಿಲ್ಲ, ಬರೆದ ದಿನದಿಂದಲೂ ಅಲ್ಲೇ ಕೂತಿರುತ್ತದೆ. ಪರೀಕ್ಷೆಯಲ್ಲಿ ಪಾಸಾಯಿತು ಎಂಬ ಮಾತಿಗಿಂತ ಹೇಗೆ ಕಟ್ಟಿದಿರಿ ಎಂಬ ಪ್ರಶ್ನೆ ಮುಖ್ಯವಾಗುವುದು ಅದಕ್ಕೇ.

ಕಾಲಿಗೆ ಎರಡನೆಯ ಸೆನ್ಸರ್ ಇಲ್ಲ

ಈಗ ಕಾಲಿಗೆ ಬರೋಣ. ಬಹುಪಾಲು ಪ್ರಕರಣಗಳು ಕಾಲಿನವೇ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

1986ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯ ಕಾರ್ಯಕ್ರಮವೊಂದು ಔಡಿ 5000 ಕಾರು ತಾನಾಗಿ ನುಗ್ಗುತ್ತದೆ ಎಂದು ತೋರಿಸಿತು. ಪೆಡಲ್ ತಾನಾಗಿ ಕೆಳಗಿಳಿಯುವ ದೃಶ್ಯವನ್ನು ದೇಶವೇ ನೋಡಿತು. ಗೇರ್‌ಬಾಕ್ಸಿಗೆ ಹೊರಗಿನಿಂದ ಒತ್ತಡದ ಗಾಳಿ ಹಾಯಿಸಿ ಅದನ್ನು ಮಾಡಿದ್ದರೆಂಬುದು ನಂತರ ತಿಳಿಯಿತು. ಔಡಿಯ ವ್ಯಾಪಾರ ಅಲ್ಲಿ ನೆಲಕಚ್ಚಿತು. 1989ರಲ್ಲಿ ಬಂದ ಸರ್ಕಾರಿ ಅಧ್ಯಯನ ಬಹುತೇಕ ಘಟನೆಗಳಲ್ಲಿ ಚಾಲಕರು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದಿದ್ದರು ಎಂದಿತು. ಆದರೆ ಅದೇ ಅಧ್ಯಯನ ಕಾರನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಕಾರು ನಿಂತಿರುವಾಗ ಎಂಜಿನ್‌ನ ವೇಗ ಕಾಯುವ ಭಾಗ ಕೆಟ್ಟು ಕೆಲವು ಕಾರುಗಳು ಇದ್ದಕ್ಕಿದ್ದಂತೆ ಒಂದಿಷ್ಟು ಗುರ್ರೆನ್ನುತ್ತಿದ್ದವು. ಬೆಚ್ಚಿಬಿದ್ದ ಚಾಲಕ ಬ್ರೇಕಿಗೆಂದು ಕಾಲು ಹಾಕಿ ಗುರಿ ತಪ್ಪುತ್ತಿದ್ದ. ಯಂತ್ರದ ಸಣ್ಣ ತಪ್ಪು, ಕಾಲಿನ ದೊಡ್ಡ ತಪ್ಪು, ಎರಡೂ ಕೈಜೋಡಿಸಿದ ಅಪಘಾತ. ಬ್ರೇಕ್ ಒತ್ತದೆ ಗೇರನ್ನು ಪಾರ್ಕ್‌ನಿಂದ ಕದಲಿಸಲಾಗದಂತೆ ಈಗ ಆಟೊಮ್ಯಾಟಿಕ್ ಕಾರುಗಳಲ್ಲಿರುವ ಬೀಗ ಆ ಗಲಾಟೆಯ ಫಲ.

ಕಾಲು ಹೇಗೆ ತಪ್ಪುತ್ತದೆ ಎಂಬುದಕ್ಕೆ ಚಲನ ಮನೋವಿಜ್ಞಾನಿ ರಿಚರ್ಡ್ ಶ್ಮಿಟ್ 1989ರಲ್ಲಿ ಕೊಟ್ಟ ವಿವರಣೆ ಈಗಲೂ ನಿಂತಿದೆ. ನಾವು ಪೆಡಲ್ಲನ್ನು ನೋಡಿ ತುಳಿಯುವುದಿಲ್ಲ, ಅಂದಾಜಿನಿಂದ ತುಳಿಯುತ್ತೇವೆ. ಹಿಂದಕ್ಕೆ ತೆಗೆಯುವಾಗ ಮೈ ತಿರುಗಿಸಿ ಕೂತರೆ ಕಾಲೂ ಸ್ವಲ್ಪ ಓರೆಯಾಗುತ್ತದೆ. ಮಿದುಳು ಬ್ರೇಕ್ ಎಂದು ಆಜ್ಞೆ ಕೊಟ್ಟಿದೆ, ಕಾಲಿಗೆ ಒಂದು ಪೆಡಲ್ ಸಿಕ್ಕಿದೆ. ಅಲ್ಲಿಗೆ ಮಿದುಳಿನ ಲೆಕ್ಕ ಮುಗಿಯಿತು. ಕಾರು ನಿಲ್ಲದಿದ್ದರೆ ಅದಕ್ಕೆ ಹೊಳೆಯುವುದು ಬ್ರೇಕ್ ಹಿಡಿಯುತ್ತಿಲ್ಲ ಎಂದೇ ಹೊರತು ಕಾಲು ತಪ್ಪಿದೆ ಎಂದಲ್ಲ. ಹಾಗಾಗಿ ಇನ್ನೂ ಬಲವಾಗಿ ತುಳಿಯುತ್ತದೆ, ಕಾರು ಇನ್ನೂ ನುಗ್ಗುತ್ತದೆ. ಎಲ್ಲವೂ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಚಾಲಕ ಆಮೇಲೆ ಸುಳ್ಳು ಹೇಳುವುದಿಲ್ಲ. ಅವನಿಗೆ ನೆನಪಿರುವುದು ಕೊಟ್ಟ ಆಜ್ಞೆ, ಕಾಲು ಇಳಿದ ಜಾಗವಲ್ಲ. ಪೆಡಲ್ಲಿಗೆ ಇಬ್ಬರು ಸಾಕ್ಷಿಗಳನ್ನು ಇಟ್ಟವರು ಪಾದಕ್ಕೆ ಒಬ್ಬರನ್ನೂ ಇಟ್ಟಿರಲಿಲ್ಲ.

ಅಪಘಾತದ ಮುಂಚಿನ ಸುಮಾರು ಐದು ಸೆಕೆಂಡುಗಳನ್ನು ಬರೆದಿಡುವ ದಾಖಲೆ ಪೆಟ್ಟಿಗೆ ಈಗ ಬಹಳಷ್ಟು ಕಾರುಗಳಲ್ಲಿದೆ. 2010ರಲ್ಲಿ ಅಮೆರಿಕದ ತನಿಖೆಯವರು ಇಂಥ 58 ಟೊಯೊಟಾ ಕಾರುಗಳ ದಾಖಲೆ ತೆಗೆದಾಗ 35ರಲ್ಲಿ ಬ್ರೇಕ್ ತುಳಿದ ಗುರುತೇ ಇರಲಿಲ್ಲ. ನ್ಯಾಯಾಲಯಗಳು ಈ ದಾಖಲೆಗೆ ತೂಕ ಕೊಡುತ್ತವೆ. ಕೊಡಬೇಕು ಕೂಡ. ಆದರೆ ಒಂದು ತಕರಾರು ಉಳಿಯುತ್ತದೆ. ಆಕ್ಸಿಲರೇಟರ್ ಎಷ್ಟು ಒತ್ತಿತ್ತು ಎಂದು ಪೆಟ್ಟಿಗೆ ತಾನೇ ನೋಡಿ ಬರೆಯುವುದಿಲ್ಲ, ಎಂಜಿನ್ ಕಂಪ್ಯೂಟರ್ ಹೇಳಿದ್ದನ್ನು ಬರೆದುಕೊಳ್ಳುತ್ತದೆ. ಆರೋಪಿಯ ಹೇಳಿಕೆಯನ್ನೇ ಪಂಚನಾಮೆ ಎಂದು ಸಲ್ಲಿಸಿದ ಹಾಗೆ. ಆದ್ದರಿಂದ ಬೇರೆ ದಾರಿಯಿಂದ ಬರುವ ಸಾಕ್ಷಿಗೆ ಬೆಲೆ ಹೆಚ್ಚು. ಬ್ರೇಕ್ ಪೆಡಲ್ಲಿಗೆ ತನ್ನದೇ ಸ್ವಿಚ್ಚಿದೆ, ಹಿಂದಿನ ಕೆಂಪು ದೀಪ ಹೊತ್ತಿಸುವುದು ಅದೇ. ಸೋಲ್‌ನಲ್ಲಿ ಬೀದಿ ಕ್ಯಾಮೆರಾಗಳಲ್ಲಿ ಕಾರು ನುಗ್ಗುವಾಗ ಆ ದೀಪ ಹೊತ್ತಿರಲಿಲ್ಲ. ಬೂಟಿನ ಅಟ್ಟೆಯಂತೂ ಯಾವ ಕಂಪ್ಯೂಟರಿನ ಮಾತನ್ನೂ ಕೇಳಿದ್ದಲ್ಲ. ದಾಖಲೆ ಪೆಟ್ಟಿಗೆ, ದೀಪ, ಬೂಟು, ಹೀಗೆ ಮೂರು ಬೇರೆ ಬೇರೆ ಸಾಕ್ಷಿಗಳು ಒಂದೇ ಕಡೆ ಬೆರಳು ತೋರಿಸಿದ್ದರಿಂದಲೇ ಆ ತನಿಖೆಯನ್ನು ನಂಬಬಹುದು. ಕೊರಿಯಾದಲ್ಲಿ ಈಗ ಪೆಡಲ್‌ಗಳ ಕಡೆಗೇ ಮುಖ ಮಾಡಿದ ಪುಟ್ಟ ಕ್ಯಾಮೆರಾ ಹಾಕಿಸಿಕೊಳ್ಳುವವರು ಹೆಚ್ಚಾಗಿದ್ದಾರೆ. ನಗುವ ವಿಷಯವಲ್ಲ, ಒಳ್ಳೆಯ ಎಂಜಿನಿಯರಿಂಗ್.

ಬ್ರೇಕಿನ ತಾಕತ್ತು

ಎಂಜಿನ್ ಪೂರ್ತಿ ಅಬ್ಬರಿಸುತ್ತಿದ್ದರೆ ಬ್ರೇಕ್ ಸಾಲುವುದೇ? ಲೆಕ್ಕ ಹಾಕಿ ನೋಡಿ. ಒಂದೂವರೆ ಟನ್ ಕಾರು, ಗಂಟೆಗೆ 100 ಕಿಲೋಮೀಟರ್ ವೇಗ. ಚಲನಶಕ್ತಿ ಸುಮಾರು 580 ಕಿಲೋಜೂಲ್. ಒಳ್ಳೆಯ ಬ್ರೇಕ್ ಅದನ್ನು ಸುಮಾರು ಮೂರು ಸೆಕೆಂಡಿನಲ್ಲಿ ನುಂಗುತ್ತದೆ, ಅಂದರೆ ಸರಾಸರಿ 190 ಕಿಲೋವ್ಯಾಟ್. ಸಾಮಾನ್ಯ ಕಾರಿನ ಎಂಜಿನ್ ಕೊಡುವುದು ಅದರ ಅರ್ಧದಷ್ಟು. ಬ್ರೇಕೇ ಬಲಶಾಲಿ. ಆದರೆ ಒಂದು ಕುತ್ತು ಇದೆ. ಪೆಟ್ರೋಲ್ ಕಾರಿನಲ್ಲಿ ಕಾಲಿನ ಬಲವನ್ನು ಹಲವು ಪಟ್ಟು ಮಾಡುವ ಬೂಸ್ಟರ್ ನಡೆಯುವುದು ಎಂಜಿನ್ ಹುಟ್ಟಿಸುವ ನಿರ್ವಾತದಿಂದ, ಆ ನಿರ್ವಾತ ಹುಟ್ಟುವುದು ಥ್ರಾಟಲ್ ಮುಚ್ಚಿದ್ದಾಗ. ಪೂರ್ತಿ ತೆರೆದಿದ್ದರೆ ಹೊಸ ನಿರ್ವಾತ ಬರುವುದಿಲ್ಲ, ಕೂಡಿಟ್ಟದ್ದು ಒಂದೆರಡು ತುಳಿತಕ್ಕೆ ಸಾಕು. ಗಾಬರಿಯಲ್ಲಿ ಬಿಟ್ಟು ಬಿಟ್ಟು ತುಳಿದರೆ ಮೂರನೆಯ ಬಾರಿಗೆ ಪೆಡಲ್ ಕಲ್ಲಾಗುತ್ತದೆ. ಸ್ವಲ್ಪ ಸ್ವಲ್ಪವೇ ಹಿಡಿಯುತ್ತಾ ಹೋದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸ್ಯಾನ್ ಡಿಯಾಗೊದ ಸುಟ್ಟ ಬ್ರೇಕ್‌ಗಳ ಹಿಂದಿನ ಭೌತವಿಜ್ಞಾನ ಇದು.

ಆದ್ದರಿಂದ ಕಾರು ಮಾತು ಕೇಳದಿದ್ದಾಗ ಬ್ರೇಕನ್ನು ಒಮ್ಮೆಗೇ ಪೂರ್ತಿ ಒತ್ತಿ, ಬಿಡದೆ ಹಿಡಿಯಬೇಕು, ಗೇರನ್ನು ನ್ಯೂಟ್ರಲ್‌ಗೆ ತಳ್ಳಬೇಕು. ಎಂಜಿನ್ ಕಿರುಚಿಕೊಳ್ಳಲಿ, ಅದು ಕೆಟ್ಟರೆ ಕೆಡಲಿ. ಬೀಗದ ಕೈ ಇರುವ ಕಾರಿನಲ್ಲಿ ಓಡುತ್ತಿರುವಾಗ ಅದನ್ನು ಕಿತ್ತು ತೆಗೆಯಬಾರದು, ಸ್ಟಿಯರಿಂಗ್ ಸಿಕ್ಕಿಕೊಳ್ಳಬಹುದು. ಆ ಲೆಕ್ಸಸ್‌ನಲ್ಲಿ ಬೀಗದ ಕೈ ಇರಲಿಲ್ಲ, ಗುಂಡಿ ಇತ್ತು. ಓಡುವ ಕಾರಿನಲ್ಲಿ ಎಂಜಿನ್ ಆರಿಸಲು ಅದನ್ನು ಮೂರು ಸೆಕೆಂಡು ಒತ್ತಿ ಹಿಡಿಯಬೇಕಿತ್ತು. ಆಕಸ್ಮಿಕವಾಗಿ ಕೈ ತಾಗಿ ಆರದಿರಲೆಂದು ಮಾಡಿದ ಏರ್ಪಾಡು. ಪ್ರಾಣ ಹೋಗುವ ಹೊತ್ತಿನಲ್ಲಿ ಗುಂಡಿಯನ್ನು ಪಟಪಟನೆ ಒತ್ತುವುದು ಬಿಟ್ಟು ಯಾರು ಮೂರು ಎಣಿಸುತ್ತಾ ಕೂರುತ್ತಾರೆ? ಕಂಪ್ಯೂಟರ್ ಅಲ್ಲಿ ತಪ್ಪು ಮಾಡಿರಲಿಲ್ಲ ಎಂದೆ. ಅದಕ್ಕೆ ಹೇಳಿಕೊಟ್ಟವರ ಬಗ್ಗೆ ಹಾಗೆನ್ನಲಾರೆ.

ಎರಡೂ ಪೆಡಲ್ ಒಟ್ಟಿಗೆ ಒತ್ತಿದ್ದರೆ ಬ್ರೇಕಿನ ಮಾತಿಗೇ ಮನ್ನಣೆ ಕೊಟ್ಟು ಥ್ರಾಟಲ್ ಮುಚ್ಚುವ ತಂತ್ರಾಂಶ ಕೆಲವು ತಯಾರಕರಲ್ಲಿ ಆಗಲೇ ಇತ್ತು, ಆ ಕಾರಿನಲ್ಲಿ ಇರಲಿಲ್ಲ. ಟೊಯೊಟಾ ಅದನ್ನು ತನ್ನ ಹೊಸ ಕಾರುಗಳಿಗೆಲ್ಲ ತಂದದ್ದು ಆಮೇಲೆ. ಮ್ಯಾಟ್ ಸಿಕ್ಕಿಕೊಂಡರೆ ಇದು ಪ್ರಾಣ ಉಳಿಸುತ್ತದೆ. ಕಾಲೇ ತಪ್ಪಿದ್ದರೆ ಇದರಿಂದ ಏನೂ ಆಗದು, ಬ್ರೇಕನ್ನು ಯಾರೂ ಒತ್ತಿಯೇ ಇಲ್ಲವಲ್ಲ.

ಎಲೆಕ್ಟ್ರಿಕ್ ಕಾರಿನಲ್ಲಿ ಥ್ರಾಟಲ್ ಬಿಲ್ಲೆಯೇ ಇಲ್ಲ, ಉಳಿದ ಕತೆ ಅದೇ. ಸೆನ್ಸರ್ ಜೋಡಿ, ಕಾವಲಿನ ಅಂತಸ್ತುಗಳು ಎಲ್ಲ ಇವೆ. ತಪ್ಪಿ ತುಳಿದಾಗ ಎಂಜಿನ್‌ನ ಸದ್ದಿನ ಎಚ್ಚರಿಕೆ ಇರುವುದಿಲ್ಲ, ಬಲ ಮಾತ್ರ ತಕ್ಷಣ ಬರುತ್ತದೆ. ಟೆಸ್ಲಾ ಕಾರುಗಳ ಮೇಲಿನ ದೂರನ್ನು ಪರಿಶೀಲಿಸಿದ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2021ರ ಜನವರಿಯಲ್ಲಿ ಪೆಡಲ್ ತಪ್ಪಿ ತುಳಿದದ್ದೇ ಕಾರಣ ಎಂದಿತು. ಅದೇ ಕಂಪನಿಯ ಸೈಬರ್‌ಟ್ರಕ್ 2024ರ ಏಪ್ರಿಲ್‌ನಲ್ಲಿ ಬೇರೆ ಕಾರಣಕ್ಕೆ ಸಿಕ್ಕಿಬಿತ್ತು. ಪೆಡಲ್ಲಿನ ಮೇಲಿನ ಲೋಹದ ಹೊದಿಕೆ ಜಾರಿ ಮೇಲಕ್ಕೆ ಸಿಕ್ಕಿಕೊಂಡು ಪೆಡಲ್ಲನ್ನು ಒತ್ತಿ ಹಿಡಿಯುತ್ತಿತ್ತು. ಜೋಡಿಸುವಾಗ ಸಲೀಸಾಗಲೆಂದು ಕಾರ್ಖಾನೆಯಲ್ಲಿ ಸೋಪು ಬಳಿದಿದ್ದರು. 3,878 ವಾಹನಗಳನ್ನು ಕರೆಸಿಕೊಳ್ಳಬೇಕಾಯಿತು.

ಕಾಲಿನ ತಪ್ಪನ್ನು ಕಾರೇ ತಡೆಯಲಿ ಎಂಬ ಯೋಚನೆಯನ್ನು ಮುಂದಕ್ಕೆ ಒಯ್ದಿರುವುದು ಜಪಾನ್. 2019ರ ಏಪ್ರಿಲ್‌ನಲ್ಲಿ ಟೋಕಿಯೊದ ಇಕೆಬುಕುರೊದಲ್ಲಿ 87 ವರ್ಷದ ಚಾಲಕರೊಬ್ಬರ ಕಾರು ನುಗ್ಗಿ ತಾಯಿ ಮತ್ತು ಮೂರು ವರ್ಷದ ಮಗು ಸತ್ತರು. ಕಾರೇ ಕೆಟ್ಟಿತ್ತು ಎಂದು ಅವರು ವಾದಿಸಿದರು, ನ್ಯಾಯಾಲಯ ಒಪ್ಪದೆ ಐದು ವರ್ಷ ಶಿಕ್ಷೆ ವಿಧಿಸಿತು. 2028ರ ಸೆಪ್ಟೆಂಬರ್‌ನಿಂದ ಅಲ್ಲಿ ಹೊಸ ಆಟೊಮ್ಯಾಟಿಕ್ ಕಾರುಗಳಲ್ಲಿ ಪೆಡಲ್ ತಪ್ಪು ತಡೆಯುವ ಸಾಧನ ಕಡ್ಡಾಯವಾಗಲಿದೆ. ನಿಂತ ಕಾರಿನ ಎದುರಿಗೋ ಹಿಂದಕ್ಕೋ ಅಡ್ಡಿಯಿದ್ದು ಪೆಡಲ್ ಒಮ್ಮೆಗೇ ಪೂರ್ತಿ ಕೆಳಗಿಳಿದರೆ, ಬೇಡಿಕೆಯನ್ನು ಮಂಜೂರು ಮಾಡದೆ ಕಾರು ಶಕ್ತಿಯನ್ನು ತಡೆಹಿಡಿಯುತ್ತದೆ. ಪಾದಕ್ಕೆ ಕೊನೆಗೂ ಎರಡನೆಯ ಸಾಕ್ಷಿ ಸಿಕ್ಕಿತು: ಕ್ಯಾಮೆರಾ ಮತ್ತು ರಾಡಾರ್.

ಈ ಸಾಕ್ಷಿಯನ್ನು ಎಷ್ಟು ನಂಬಬೇಕು ಎಂಬುದು ಹೊಸ ತಲೆನೋವು. ರೈಲ್ವೆ ಗೇಟಿನ ಎರಡು ಅಡ್ಡಪಟ್ಟಿಗಳ ನಡುವೆ ಕಾರು ಸಿಕ್ಕಿಕೊಂಡರೆ ಪಟ್ಟಿಯನ್ನು ತಳ್ಳಿಕೊಂಡು ಹೊರಗೆ ಬನ್ನಿ ಎಂದು ಜಪಾನಿನಲ್ಲಿ ಚಾಲಕರಿಗೆ ಕಲಿಸುತ್ತಾರೆ. ಎದುರಿಗೆ ಅಡ್ಡಿ, ನಿಂತ ಕಾರು, ನೆಲಕ್ಕೆ ಒತ್ತಿದ ಪೆಡಲ್. ಸೆನ್ಸರಿಗೆ ಅದು ತಪ್ಪಿ ತುಳಿದ ಕಾಲೂ ಹೌದು, ಸರಿಯಾಗಿ ತುಳಿದ ಕಾಲೂ ಹೌದು. ಪಕ್ಕದಲ್ಲಿ ರೈಲು ಬರುತ್ತಿರುತ್ತದೆ.